ವಿದ್ಯಾರ್ಥಿಯ ಕೈಯಲ್ಲಿ ಫೋನು: ದಂಪತಿಗಳಿಗೊಂದು ತಿಳಿವಳಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿಗೆ ಸೇರಿದ ಕೈವಾರವು ತಾತಯ್ಯನವರ ಹೆಸರಿನಿಂದಲೂ ಅಮರನಾರೇಯಣ ಸ್ವಾಮಿಯ ದೇವಾಲಯದಿಂದಲೂ ನಾಡಿಗೆಲ್ಲ ಪರಿಚಿತವಾದ ಊರು. ಈ ಊರಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ರಾಗಿ, ಟೊಮೇಟೊ, ಹಿಪ್ಪುನೇರಳೆ ತೋಟ ಮತ್ತು ಹಾಲಿನ ಡೇರಿ ಇವೇ ಅನೇಕ ಸಂಸಾರಗಳಿಗೆ ಆಧಾರ. ಬೆಳಕು ಹರಿಯುವ ಮುನ್ನವೇ ಎದ್ದು, ಡೇರಿಗೆ ಹಾಲು ಹಾಕಿ, ಹುಳುಮನೆಯಲ್ಲಿ ಸೊಪ್ಪು ಕೊಟ್ಟು, ಬುತ್ತಿ ಕಟ್ಟಿ, ಮಕ್ಕಳನ್ನು ಚಿಂತಾಮಣಿಯ ಬಸ್ಸಿಗೆ ಹತ್ತಿಸುವ ದಂಪತಿಗಳ ಮನಸ್ಸಿನಲ್ಲಿ ಇರುವ ಆಸೆ ಒಂದೇ. ತಾವು ಪಟ್ಟ ಕಷ್ಟ ಮಕ್ಕಳಿಗೆ ಬೇಡ. ಅವರು ನಾಲ್ಕಕ್ಷರ ಕಲಿತು ತಮ್ಮ ಕಾಲ ಮೇಲೆ ತಾವು ನಿಲ್ಲಲಿ.

ಇಂಥ ಒಂದು ಸಂಸಾರವನ್ನು ಮನಸ್ಸಿಗೆ ತಂದುಕೊಳ್ಳೋಣ. ಹಿರಿಯ ಮಗ ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ಮಗಳು ಪದವಿ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ಪಿ.ಯು.ಸಿ.ಯಲ್ಲಿ ಪ್ರಥಮ ದರ್ಜೆ ಪಡೆದಿದ್ದವಳು ಈ ಸಲ ಎರಡು ವಿಷಯಗಳಲ್ಲಿ ಅನುತ್ತೀರ್ಣಳಾದಳು. ರಾತ್ರಿ ಹನ್ನೆರಡಾದರೂ ಅವಳ ಹೊದಿಕೆಯೊಳಗೆ ಫೋನಿನ ಬೆಳಕು ಕಾಣುತ್ತದೆ. ತಂದೆಗೆ ಸಿಟ್ಟು ಬಂದಿತು. “ಆ ಫೋನೇ ಇವಳ ಓದನ್ನು ನುಂಗಿತು. ಕಿತ್ತಿಡು. ಕಾಲೇಜೂ ಸಾಕು, ಒಂದು ಗಂಡು ನೋಡೋಣ” ಎಂದನು. ತಾಯಿ ಮೆಲ್ಲನೆ, “ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ ಎಲ್ಲವೂ ಅದರಲ್ಲೇ ಬರುತ್ತದಂತೆ. ಕಿತ್ತಿಟ್ಟರೆ ಹೇಗೆ ನೋಡಿ” ಎಂದಳು.

ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಫೋನಿನಿಂದ ಓದು ಕೆಡುವುದು ಹೇಗೆ, ಎಷ್ಟು ಎಂಬುದನ್ನು ತಿಳಿಯದೆ ತೀರ್ಮಾನ ಮಾಡಿದರೆ ಫೋನಿನ ತಪ್ಪಿಗೆ ಮಗಳ ಬಾಳು ತೆರಬೇಕಾದೀತು. ಆದ್ದರಿಂದ ಈ ವಿಷಯವನ್ನು ಸಮಾಧಾನದಿಂದ ವಿಚಾರ ಮಾಡುವುದು ಅವಶ್ಯಕ.

ಫೋನು ಮನೆಯೊಳಗೆ ಬಂದ ಬಗೆ

ಹಿಂದೆ ಮಾತನಾಡಲು ಮಾತ್ರ ಬಳಸುತ್ತಿದ್ದ ಮೊಬೈಲು ಇಂದು ಟಪಾಲು, ಬ್ಯಾಂಕು, ಚಿತ್ರಮಂದಿರ, ಸಂತೆ, ಗ್ರಂಥಾಲಯ ಎಲ್ಲವೂ ಆಗಿದೆ. 2016ರಿಂದೀಚೆಗೆ ಇಂಟರ್‌ನೆಟ್ಟಿನ ದರ ಬಹಳವಾಗಿ ಇಳಿದು, ಸ್ಮಾರ್ಟ್‌ಫೋನು ಹಳ್ಳಿಗಳಲ್ಲಿಯೂ ಹರಡಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ರೋಗದ ಕಾರಣ ಶಾಲಾ ಕಾಲೇಜುಗಳು ಮುಚ್ಚಿದಾಗ ಪಾಠವೇ ಫೋನಿನಲ್ಲಿ ನಡೆಯಿತು. ಅದುವರೆಗೆ ಮಕ್ಕಳಿಗೆ ಫೋನು ಕೊಡದಿದ್ದ ತಂದೆತಾಯಿಗಳೂ ಸಾಲ ಮಾಡಿಯಾದರೂ ಒಂದನ್ನು ಕೊಂಡು ತಂದರು. ಪಾಠಗಳು ತರಗತಿಗೆ ಹಿಂದಿರುಗಿದವು. ಫೋನು ಮಕ್ಕಳ ಕೈಯಲ್ಲಿಯೇ ಉಳಿಯಿತು.

ಇಂದು ಪದವಿ ವಿದ್ಯಾರ್ಥಿಗೆ ಫೋನು ಕೇವಲ ವಿಲಾಸದ ವಸ್ತುವಲ್ಲ. 2021ರಿಂದೀಚೆಗೆ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಮೊದಲಾದವು ಒಂದೇ ಗಣಕ ವ್ಯವಸ್ಥೆಗೆ ಬಂದಿವೆ. ವಿದ್ಯಾರ್ಥಿವೇತನದ ಅರ್ಜಿಯೂ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದ ಮೂಲಕವೇ ಹೋಗತಕ್ಕದ್ದು. ಕಾಲೇಜಿನ ಸೂಚನೆಗಳು ವಾಟ್ಸಾಪಿನಲ್ಲಿ ಬರುತ್ತವೆ. ತಾಯಿಯ ಮಾತು ಈ ಕಾರಣದಿಂದ ನ್ಯಾಯವಾದದ್ದು.

2023ರಲ್ಲಿ ‘ಅಸರ್’ ಎಂಬ ಸಮೀಕ್ಷೆಯು 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ, 14ರಿಂದ 18 ವರ್ಷ ವಯಸ್ಸಿನವರ ನಡುವೆ ನಡೆಯಿತು. ನಮ್ಮ ರಾಜ್ಯದಿಂದ ಮೈಸೂರು ಜಿಲ್ಲೆ ಅದರಲ್ಲಿ ಸೇರಿತ್ತು. ನೂರರಲ್ಲಿ ಸುಮಾರು 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನು ಇದ್ದಿತು. ಅದನ್ನು ಬಳಸಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗೆ ಸಂಬಂಧಪಟ್ಟ ಕೆಲಸಕ್ಕೆ ಅದನ್ನು ಬಳಸಿದವರು ಸುಮಾರು ಮೂರರಲ್ಲಿ ಎರಡು ಪಾಲು. ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ನೂರಕ್ಕೆ 90. ಒಂದೇ ಕೈಯಲ್ಲಿರುವ ಒಂದೇ ಯಂತ್ರ ಪಾಠಕ್ಕೂ ಹೌದು, ಪಾಠ ಮರೆಸುವುದಕ್ಕೂ ಹೌದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಲಿಕೆ ಎಂದರೇನು?

ರೇಷ್ಮೆಯ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ಬಿಚ್ಚುವುದನ್ನು ನೀವು ನೋಡಿರಬಹುದು. ಬಿಸಿ ನೀರಿನಲ್ಲಿ ತೇಲುವ ಹಲವು ಗೂಡುಗಳ ಸಣ್ಣ ಎಳೆಗಳು ಕೂಡಿ ಒಂದು ನೂಲಾಗುತ್ತದೆ. ಒಂದು ಗೂಡಿನ ಎಳೆ ಕಡಿದರೆ ಕೆಲಸಗಾರರು ಅದರ ತುದಿಯನ್ನು ಹುಡುಕಿ ಮತ್ತೆ ಸೇರಿಸಬೇಕು. ಎಳೆ ಮೇಲಿಂದ ಮೇಲೆ ಕಡಿಯುತ್ತಿದ್ದರೆ ಇಡೀ ದಿನ ದುಡಿದರೂ ನೂಲು ಕಡಿಮೆ, ಅದರ ಗುಣವೂ ಕಡಿಮೆ.

ಓದುವವರ ಗಮನವೂ ಅಂಥದೇ ಒಂದು ಎಳೆ. ಲೆಕ್ಕವನ್ನಾಗಲಿ ಪಾಠವನ್ನಾಗಲಿ ತಿಳಿದುಕೊಳ್ಳುವಾಗ ಮನಸ್ಸು ಮೊದಲು ಓದಿದ್ದನ್ನು ಹಿಡಿದಿಟ್ಟುಕೊಂಡು ಮುಂದಿನದನ್ನು ಅದಕ್ಕೆ ಜೋಡಿಸುತ್ತಾ ಹೋಗುತ್ತದೆ. ಹಾಗೆ ಏಕಕಾಲದಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಎಲ್ಲ ಮನುಷ್ಯರಲ್ಲಿಯೂ ಪರಿಮಿತವಾದುದು. ನಡುವೆ ಫೋನು ‘ಟಿಂಗ್’ ಎಂದರೆ ಎಳೆ ಕಡಿಯಿತು. ಸಂದೇಶವನ್ನು ನೋಡಲು ಅರ್ಧ ನಿಮಿಷವೇ ಸಾಕಾಗಬಹುದು. ಆದರೆ ಕಡಿದ ತುದಿಯನ್ನು ಹುಡುಕಿ, ಎಲ್ಲಿ ಬಿಟ್ಟಿದ್ದೆವೋ ಅಲ್ಲಿಗೆ ಮನಸ್ಸನ್ನು ತರಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕು.

ಒಂದು ಲೆಕ್ಕ ಹಾಕಿ ನೋಡಿ. ಮಗಳು ಸಂಜೆ 7 ಗಂಟೆಯಿಂದ 9 ಗಂಟೆಯವರೆಗೆ ಪುಸ್ತಕದ ಮುಂದೆ ಕುಳಿತಳು. ಹತ್ತು ನಿಮಿಷಕ್ಕೊಮ್ಮೆ ಫೋನು ನೋಡಿದರೆ 12 ಸಲವಾಯಿತು. ಒಂದೊಂದು ಸಲಕ್ಕೂ 5 ನಿಮಿಷ ನಷ್ಟವೆಂದರೆ 60 ನಿಮಿಷ. ಕುಳಿತದ್ದು ಎರಡು ಗಂಟೆ, ಓದಿದ್ದು ಒಂದು ಗಂಟೆ. ಆ ಒಂದು ಗಂಟೆಯೂ ಚೂರುಚೂರು. “ನಾನು ಓದಿಯೇ ಇದ್ದೆನಲ್ಲ, ಆದರೂ ತಲೆಗೆ ಹತ್ತಲಿಲ್ಲ” ಎಂದು ಮಕ್ಕಳು ಹೇಳುವುದು ಸುಳ್ಳಲ್ಲ.

ಅಧ್ಯಯನಗಳು ಏನು ಹೇಳುತ್ತವೆ?

ಅಮೆರಿಕದ ಫ್ಲಾರಿಡಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿದ್ಯಾರ್ಥಿಗಳು ಗಮನವಿಟ್ಟು ಒಂದು ಕೆಲಸ ಮಾಡುತ್ತಿರುವಾಗ ಅವರ ಫೋನಿಗೆ ಕರೆ ಅಥವಾ ಸಂದೇಶ ಬರುವಂತೆ ಮಾಡಿದರು. ಫೋನನ್ನು ಕೈಗೆತ್ತಿಕೊಳ್ಳದಿದ್ದರೂ, ಸದ್ದು ಕೇಳಿದ ಮಾತ್ರದಿಂದಲೇ ಕೆಲಸದಲ್ಲಿ ತಪ್ಪುಗಳು ಹೆಚ್ಚಿದವು. “ಯಾರಿರಬಹುದು?” ಎಂಬ ಯೋಚನೆಯೇ ಗಮನವನ್ನು ಎಳೆಯಲು ಸಾಕು.

2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನದಲ್ಲಿ ಕೆಲವರು ಸದ್ದಡಗಿಸಿದ ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡರು, ಕೆಲವರು ಜೇಬಿನಲ್ಲಿ ಅಥವಾ ಚೀಲದಲ್ಲಿ, ಮತ್ತೆ ಕೆಲವರು ಬೇರೆ ಕೋಣೆಯಲ್ಲಿ ಇಟ್ಟು ಬಂದರು. ಬೇರೆ ಕೋಣೆಯಲ್ಲಿ ಇಟ್ಟವರು ಬುದ್ಧಿಗೆ ಸಂಬಂಧಿಸಿದ ಪರೀಕ್ಷೆಗಳಲ್ಲಿ ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಉತ್ತಮವಾಗಿ ಮಾಡಿದರು. ಈ ಪ್ರಯೋಗವನ್ನು ಮತ್ತೆ ನಡೆಸಿದ ಎಲ್ಲರಿಗೂ ಇದೇ ಫಲ ಸಿಕ್ಕಿಲ್ಲವೆಂಬುದನ್ನೂ ಹೇಳಬೇಕು. ಆದರೆ ಫೋನನ್ನು ದೂರವಿಡಲು ಖರ್ಚೇನೂ ಇಲ್ಲವಾದ್ದರಿಂದ ಮಾಡಿ ನೋಡುವುದರಲ್ಲಿ ನಷ್ಟವಿಲ್ಲ.

ಫೋನು ಹೆಚ್ಚಾಗಿ ಬಳಸುವ ಕಾಲೇಜು ವಿದ್ಯಾರ್ಥಿಗಳ ಅಂಕಗಳು ಸರಾಸರಿಯಲ್ಲಿ ಸ್ವಲ್ಪ ಕಡಿಮೆ ಇರುತ್ತವೆಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ‘ಸ್ವಲ್ಪ’ ಎಂಬ ಮಾತನ್ನು ಗಮನಿಸಬೇಕು. ಫೋನು ಹಿಡಿದವರೆಲ್ಲ ಅನುತ್ತೀರ್ಣರಾಗುವುದಿಲ್ಲ. ಮೇಲಾಗಿ, ಫೋನಿನಿಂದ ಓದು ಕೆಟ್ಟಿತೋ, ಓದು ತಿಳಿಯದೆ ಬೇಸರಗೊಂಡವರು ಫೋನಿನತ್ತ ತಿರುಗಿದರೋ ಎಂಬುದು ಅಂಕಗಳಿಂದ ಮಾತ್ರ ಗೊತ್ತಾಗುವುದಿಲ್ಲ. ಎರಡೂ ಇರುವುದುಂಟು. ಪಾಠ ತಿಳಿಯದು, ಬೇಸರದಿಂದ ಫೋನು ನೋಡುವುದು, ಫೋನಿನಿಂದ ಪಾಠ ಇನ್ನಷ್ಟು ತಪ್ಪುವುದು: ಹೀಗೆ ಗಾಣದ ಎತ್ತಿನಂತೆ ಸುತ್ತುವುದು.

2015ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸಂಸ್ಥೆಯು ಇಂಗ್ಲೆಂಡಿನ 4 ನಗರಗಳ 91 ಶಾಲೆಗಳ ಫಲಿತಾಂಶಗಳನ್ನು ಪರಿಶೀಲಿಸಿದ ಅಧ್ಯಯನವನ್ನು ಹೊರತಂದಿತು. ಶಾಲೆಯಲ್ಲಿ ಫೋನು ನಿಷೇಧಿಸಿದ ಮೇಲೆ ಓದಿನಲ್ಲಿ ಹಿಂದುಳಿದವರು ಹೆಚ್ಚು ಸುಧಾರಿಸಿದರು. ಮುಂದಿದ್ದವರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅನಂತರ ಸ್ವೀಡನ್ ದೇಶದಲ್ಲಿ ಇದನ್ನೇ ಪರಿಶೀಲಿಸಿದಾಗ ಅಂಥ ಲಾಭ ಕಂಡುಬರಲಿಲ್ಲ. ಅಂದರೆ ನಿಷೇಧವೊಂದೇ ಮದ್ದಲ್ಲ. ಆದರೆ ಓದಿನಲ್ಲಿ ಎಡವುತ್ತಿರುವ ಮಗುವಿಗೆ ಅಡಚಣೆಯಿಲ್ಲದ ಹೊತ್ತು ಎಲ್ಲರಿಗಿಂತ ಹೆಚ್ಚು ಬೇಕು ಎಂಬ ಮಾತನ್ನು ನಾವು ಮನಸ್ಸಿನಲ್ಲಿಡಬಹುದು.

ನಿದ್ರೆಯ ಮಹತ್ವ

ಫೋನಿನಿಂದಾಗುವ ಎರಡನೆಯ ಹಾನಿ ರಾತ್ರಿಯದು. ಇದನ್ನು ಅನೇಕ ತಂದೆತಾಯಿಗಳು ಹಾನಿಯೆಂದೇ ತಿಳಿಯುವುದಿಲ್ಲ. “ರಾತ್ರಿಯೆಲ್ಲ ಎದ್ದು ಓದುತ್ತಾನೆ” ಎಂದು ಹೆಮ್ಮೆಪಡುವವರೂ ಉಂಟು.

ರೇಷ್ಮೆಹುಳು ಜ್ವರಕ್ಕೆ ಕುಳಿತಾಗ ಏನು ಮಾಡುತ್ತೀರಿ? ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಕದಲಿಸುವುದಿಲ್ಲ. ಹೊರಗಿನಿಂದ ನೋಡುವವರಿಗೆ ಹುಳು ಸುಮ್ಮನೆ ಬಿದ್ದಂತೆ ಕಾಣುತ್ತದೆ. ಒಳಗೆ ಅದು ಹಳೆಯ ಚರ್ಮವನ್ನು ಕಳಚಿ ಬೆಳೆಯಲು ಸಿದ್ಧವಾಗುತ್ತಿರುತ್ತದೆ. ನಾಲ್ಕು ಜ್ವರಗಳೂ ಸರಿಯಾಗಿ ಕಳೆದರೆ ಮಾತ್ರ ಗೂಡು ಗಟ್ಟಿಯಾಗುತ್ತದೆ. ಮನುಷ್ಯನ ನಿದ್ರೆಯೂ ವ್ಯರ್ಥವಾದ ಕಾಲವಲ್ಲ. ಹಗಲು ಓದಿದ್ದನ್ನು ಮಿದುಳು ನಿದ್ರೆಯಲ್ಲಿ ಅಣಿಗೊಳಿಸಿ ನೆನಪಿನಲ್ಲಿ ಭದ್ರಪಡಿಸುತ್ತದೆ. ನಿದ್ರೆಗೆಟ್ಟವನು ಓದಿದ್ದನ್ನು ಬೇಗ ಮರೆಯುತ್ತಾನೆ. ಮರುದಿನ ತರಗತಿಯಲ್ಲಿ ತೂಕಡಿಸುತ್ತಾನೆ.

13ರಿಂದ 18 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ, ಅದಕ್ಕೆ ಮೇಲ್ಪಟ್ಟವರಿಗೆ ಕನಿಷ್ಠ 7 ಗಂಟೆ ನಿದ್ರೆ ಅವಶ್ಯಕ. ಕತ್ತಲಾದಂತೆ ನಮ್ಮ ದೇಹದಲ್ಲಿ ಮೆಲಟೋನಿನ್ ಎಂಬ ರಸ ಹೆಚ್ಚಿ ನಿದ್ರೆಗೆ ಅನುಕೂಲ ಮಾಡುತ್ತದೆ. ಕಣ್ಣಿನ ಹತ್ತಿರ ಹಿಡಿದ ಪರದೆಯ ಪ್ರಕಾಶವು ಅದನ್ನು ಕುಗ್ಗಿಸಬಲ್ಲುದು. ಬೆಳಕಿಗಿಂತಲೂ ಹೆಚ್ಚಾಗಿ, ಒಂದಾದ ಮೇಲೊಂದು ತಾನೇ ಬರುವ ಚಿಕ್ಕ ಚಿಕ್ಕ ಚಿತ್ರಗಳು ಮನಸ್ಸನ್ನು ಕೆರಳಿಸಿ ಎಚ್ಚರವಾಗಿಡುತ್ತವೆ. ಪುಸ್ತಕಕ್ಕೆ ಕೊನೆಯ ಪುಟವಿದೆ, ನಾಟಕಕ್ಕೆ ಮಂಗಳವಿದೆ, ಇವಕ್ಕೆ ಕೊನೆಯಿಲ್ಲ. ನೋಡುವವರನ್ನು ಬಿಡದೆ ಹಿಡಿದಿಡುವಂತೆಯೇ ಅವುಗಳನ್ನು ರಚಿಸಲಾಗಿದೆ. ಆದ್ದರಿಂದ ಮಗುವಿಗೆ ಮನೋಬಲ ಸಾಲದೆಂದು ಹಳಿಯುವುದು ಪೂರ್ತಿ ನ್ಯಾಯವಲ್ಲ. ದೊಡ್ಡವರಾದ ನಾವೂ ಅದರ ಮುಂದೆ ಹಾಗೆಯೇ ಕುಳಿತುಬಿಡುತ್ತೇವೆ.

ಕೆಲವು ತಪ್ಪು ಕಲ್ಪನೆಗಳು

ಕಲ್ಪನೆ: ಫೋನು ಕಿತ್ತುಕೊಂಡರೆ ಓದು ತಾನೇ ಬರುತ್ತದೆ.
ನಿಜಾಂಶ: ಪಾಠವೇ ತಿಳಿಯದಿದ್ದರೆ ಫೋನಿಲ್ಲದೆಯೂ ಮನಸ್ಸು ನಿಲ್ಲದು. ಯಾವ ವಿಷಯ ಕಷ್ಟವಾಗಿದೆ ಎಂದು ಮೊದಲು ಕೇಳಬೇಕು. ಕನ್ನಡ ಮಾಧ್ಯಮದಿಂದ ಬಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಕೇಳುವ ಮಕ್ಕಳಿಗೆ ಅದೇ ದೊಡ್ಡ ತೊಡಕಾಗಿರಬಹುದು. ಅಂಥವರಿಗೆ ಫೋನಿನಲ್ಲಿ ದೊರೆಯುವ ಕನ್ನಡ ವಿವರಣೆಗಳು ನೆರವಾಗುವುದೂ ಉಂಟು.

ಕಲ್ಪನೆ: ಹೆಣ್ಣುಮಕ್ಕಳಿಗೆ ಫೋನು ಕೊಟ್ಟರೆ ಕೆಡುತ್ತಾರೆ, ಗಂಡುಮಕ್ಕಳಿಗೆ ಚಿಂತೆಯಿಲ್ಲ.
ನಿಜಾಂಶ: ಮೇಲೆ ಹೇಳಿದ 2023ರ ಸಮೀಕ್ಷೆಯಲ್ಲಿ ಫೋನು ಬಳಸಬಲ್ಲ ಹುಡುಗರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ಸ್ವಂತ ಫೋನು ಇದ್ದಿತು, ಹುಡುಗಿಯರಲ್ಲಿ ಸುಮಾರು 20 ಮಂದಿಗೆ ಮಾತ್ರ. ಗಮನ ಚದುರುವುದು, ನಿದ್ರೆಗೆಡುವುದು ಇಬ್ಬರಿಗೂ ಒಂದೇ. ಮಗನ ಫೋನನ್ನು ಕೇಳದೆ ಮಗಳ ಫೋನನ್ನು ಮಾತ್ರ ಕಿತ್ತುಕೊಳ್ಳುವುದು ಶಿಸ್ತಲ್ಲ, ಪಕ್ಷಪಾತ. ಅಂಕ ಕಡಿಮೆಯಾಯಿತೆಂದು ಅವಳ ಓದನ್ನು ಬಿಡಿಸಿ ಮದುವೆಗೆ ಅವಸರಪಡುವುದು ಇನ್ನೂ ದೊಡ್ಡ ತಪ್ಪು. ಅನುತ್ತೀರ್ಣವಾದ ವಿಷಯವನ್ನು ಮತ್ತೆ ಬರೆಯಬಹುದು. ನಿಂತುಹೋದ ಓದನ್ನು ಮುಂದುವರಿಸುವುದು ಬಹಳ ಕಷ್ಟ.

ಕಲ್ಪನೆ: ಓದುಬರಹ ಬಾರದ ತಂದೆತಾಯಿಗಳು ಕಾಲೇಜಿನ ಓದಿಗೆ ಏನೂ ಸಹಾಯ ಮಾಡಲಾರರು.
ನಿಜಾಂಶ: ಮಾಡಬಲ್ಲರು. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟಂತೆ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ಅದನ್ನು ನೆನಪಿಸಿಕೊಂಡವರು ಒಂದು ವಾರದ ಮೇಲೆ ಹೆಚ್ಚು ಜ್ಞಾಪಕವಿಟ್ಟುಕೊಂಡಿದ್ದರು. ಆದ್ದರಿಂದ ರಾಗಿಮುದ್ದೆ ತಿರುವುತ್ತಲೇ ತಾಯಿ, “ಇವತ್ತು ಕಾಲೇಜಿನಲ್ಲಿ ಏನು ಹೇಳಿಕೊಟ್ಟರು? ನನಗೂ ತಿಳಿಯುವ ಹಾಗೆ ಹೇಳಮ್ಮಾ” ಎಂದು ಕೇಳಿದರೆ ಅದೇ ಒಂದು ಪುನರಾವರ್ತನೆ. ತಾಯಿಗೆ ಪೂರ್ತಿ ಅರ್ಥವಾಗಬೇಕೆಂದಿಲ್ಲ, ಹೇಳುವವಳಿಗೆ ಅರ್ಥವಾಗುತ್ತದೆ.

ಮನೆಯಲ್ಲಿ ಮಾಡಿಕೊಳ್ಳಬಹುದಾದ ಏರ್ಪಾಡು

ಕಾಲೇಜಿಗೆ ಹೋಗುವವರು ಚಿಕ್ಕ ಮಕ್ಕಳಲ್ಲ. ಅಪ್ಪಣೆಗಿಂತ ಒಪ್ಪಂದ ಹೆಚ್ಚು ಕಾಲ ಬಾಳುತ್ತದೆ. ದಂಪತಿಗಳು ಮೊದಲು ತಮ್ಮೊಳಗೆ ಮಾತನಾಡಿಕೊಳ್ಳಬೇಕು. ತಂದೆ ಒಂದು, ತಾಯಿ ಒಂದು ಹೇಳಿದರೆ ಯಾವ ನಿಯಮವೂ ನಿಲ್ಲದು. ಅನಂತರ ಮಕ್ಕಳನ್ನು ಕೂರಿಸಿಕೊಂಡು ಎಲ್ಲರೂ ಒಪ್ಪುವ ಏರ್ಪಾಡು ಮಾಡಿಕೊಳ್ಳಬೇಕು.

1. ಮನೆಯಲ್ಲಿ ಫೋನುಗಳಿಗೆ ಒಂದು ಗೂಡು ಅಥವಾ ಕಪಾಟನ್ನು ಗೊತ್ತುಮಾಡಿ. ಓದುವ ವೇಳೆಯಲ್ಲಿ ಫೋನು ಅಲ್ಲಿರಲಿ. ಓದುವವರು ಬೇರೆ ಕಡೆ ಇರಲಿ.

2. ಸಂಜೆ ಒಂದು ಅಥವಾ ಎರಡು ಗಂಟೆ ಎಡೆಬಿಡದ ಓದಿನ ಹೊತ್ತಾಗಿರಲಿ. ಮುಕ್ಕಾಲು ಗಂಟೆ ಓದಿ ಹತ್ತು ನಿಮಿಷ ವಿರಾಮ ತೆಗೆದುಕೊಳ್ಳಲಿ. ಆ ವಿರಾಮದಲ್ಲಿ ಎದ್ದು ಓಡಾಡಲಿ, ಹಸುವಿಗೆ ಹುಲ್ಲು ಹಾಕಲಿ. ಈ ಹೊತ್ತಿನಲ್ಲಿ ಟಿ.ವಿ.ಯೂ ಮೌನವಾಗಿರಲಿ.

3. ಪಾಠಕ್ಕೇ ಫೋನು ಬೇಕಾದರೆ ಏನು ನೋಡಬೇಕೆಂಬುದನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡು, ಸಂದೇಶಗಳ ಸದ್ದನ್ನು ನಿಲ್ಲಿಸಿ, ನೋಡಿ ಮುಗಿಸಿ ಹಿಂದಿರುಗಿಸಲಿ.

4. ಮಲಗುವ ಒಂದು ಗಂಟೆ ಮೊದಲು ಮನೆಯ ಎಲ್ಲ ಫೋನುಗಳೂ ಗೂಡು ಸೇರಲಿ. ಬೆಳಗ್ಗೆ ಏಳುವುದಕ್ಕೆ ಅಲಾರಂ ಗಡಿಯಾರ ಸಾಕು. ಹೊದಿಕೆಯೊಳಗೆ ಫೋನು ಬೇಡ.

5. ಈ ನಿಯಮ ತಂದೆಗೂ ತಾಯಿಗೂ ಮಗನಿಗೂ ಮಗಳಿಗೂ ಒಂದೇ. ಟೊಮೇಟೊ ಧಾರಣೆ ತಿಳಿಯಲು ಫೋನು ತೆಗೆದ ತಂದೆ ಅರ್ಧ ಗಂಟೆ ಹಾಸ್ಯದ ಚಿತ್ರ ನೋಡುತ್ತಾ ಕುಳಿತರೆ ಮಕ್ಕಳಿಗೆ ಹೇಳುವ ಮಾತಿಗೆ ಬೆಲೆ ಇರದು.

6. ಗುಟ್ಟಾಗಿ ಮಕ್ಕಳ ಫೋನು ಶೋಧಿಸುವುದರಿಂದ ನಂಬಿಕೆ ಕೆಡುತ್ತದೆ. ಯಾರಾದರೂ ಫೋನಿನಲ್ಲಿ ಪೀಡಿಸಿದರೆ, ಹೆದರಿಸಿದರೆ ಅಂಜದೆ ತಂದೆತಾಯಿಗೆ ತಿಳಿಸುವಷ್ಟು ಸಲಿಗೆ ಮನೆಯಲ್ಲಿರಬೇಕು.

7. ಹಣವನ್ನೊಡ್ಡಿ ಆಡುವ ಫೋನಿನ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಇವುಗಳಿಂದ ದೂರವಿರಬೇಕು. ಫೋನಿನ ಮೂಲಕ ಹಣ ಮೋಸಹೋದರೆ ಕೂಡಲೇ 1930ಕ್ಕೆ ದೂರು ಕೊಡಬೇಕು.

ವೈದ್ಯರ ಸಲಹೆ ಯಾವಾಗ?

ಹೆಚ್ಚು ಹೊತ್ತು ಫೋನು ನೋಡುವುದೆಲ್ಲ ರೋಗವಲ್ಲ. ಆದರೆ ಬಿಡಬೇಕೆಂದು ತಾನೇ ಪ್ರಯತ್ನಿಸಿದರೂ ಬಿಡಲಾಗದಿರುವುದು, ಊಟ, ಸ್ನಾನ, ನಿದ್ರೆಗಳನ್ನು ಮರೆಯುವುದು, ಕಾಲೇಜಿಗೆ ಹೋಗದಿರುವುದು, ಗೆಳೆಯರಿಂದ ದೂರವಾಗುವುದು, ಫೋನು ಇಲ್ಲದಾಗ ವಿಪರೀತ ಸಿಟ್ಟು ಅಥವಾ ಅಳು ಬರುವುದು, ಇಂಥ ಚಿಹ್ನೆಗಳು ಅನೇಕ ವಾರಗಳ ಕಾಲ ಕಂಡರೆ ನೆರವು ಪಡೆಯಬೇಕು. ಕೆಲವೊಮ್ಮೆ ಫೋನಿನ ಹಿಂದೆ ಮನಸ್ಸಿನ ಖಿನ್ನತೆ ಅಡಗಿರುತ್ತದೆ. “ನಾನು ಬದುಕಿ ಏನು ಪ್ರಯೋಜನ” ಎಂಬಂಥ ಮಾತು ಬಂದರೆ ಒಂದು ದಿನವೂ ತಡಮಾಡಕೂಡದು. ಮಗುವನ್ನು ಒಂಟಿಯಾಗಿ ಬಿಡಕೂಡದು.

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಆಶಾ ಕಾರ್ಯಕರ್ತೆಯರೂ ದಾರಿ ತೋರುವರು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಯಲ್ಲಿ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಫೋನು ಮತ್ತು ಇಂಟರ್‌ನೆಟ್ಟಿನ ಮಿತಿಮೀರಿದ ಬಳಕೆಯಿಂದ ತೊಂದರೆಗೊಳಗಾದವರಿಗಾಗಿಯೇ 2014ರಲ್ಲಿ ‘ಶಟ್’ ಎಂಬ ವಿಶೇಷ ಚಿಕಿತ್ಸಾಲಯವನ್ನು ತೆರೆಯಿತು. ಮನಸ್ಸಿನ ತೊಂದರೆಗೆ ವೈದ್ಯರನ್ನು ಕಾಣುವುದರಲ್ಲಿ ಅವಮಾನವೇನೂ ಇಲ್ಲ.

ಕೊನೆಯ ಮಾತು

ಮೊದಲು ನೆನೆದ ಆ ಸಂಸಾರಕ್ಕೆ ಹಿಂದಿರುಗೋಣ. ತಂದೆ ಸಿಟ್ಟು ಇಳಿದ ಮೇಲೆ ಮಗಳನ್ನು ಕರೆದು, “ಯಾವ ಪಾಠ ಕಷ್ಟವಾಯಿತಮ್ಮಾ?” ಎಂದು ಕೇಳಿದನೆನ್ನಿ. ಅವಳು ಮೊದಲು ಸುಮ್ಮನಿದ್ದು, ಆಮೇಲೆ, “ಲೆಕ್ಕಶಾಸ್ತ್ರ ಅಪ್ಪಾ. ಮೊದಲಿನಿಂದಲೇ ತಿಳಿಯಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಯಿತು” ಎನ್ನಬಹುದು. ಆ ರಾತ್ರಿ ಗೋಡೆಯ ಗೂಡಿನಲ್ಲಿ ಒಂದಲ್ಲ, ನಾಲ್ಕು ಫೋನುಗಳು ಒಟ್ಟಿಗೆ ಕುಳಿತರೆ, ಮುಂದಿನ ವಾರ ತಂದೆ ತಾನೇ ಕಾಲೇಜಿಗೆ ಹೋಗಿ ಅಧ್ಯಾಪಕರನ್ನು ಕಂಡು ಬಂದರೆ, ಆ ಎರಡು ವಿಷಯಗಳನ್ನು ಅವಳು ಮತ್ತೆ ಬರೆಯಬಲ್ಲಳು.

ಹುಳು ಚಂದ್ರಿಕೆಯ ಮೇಲೆ ಗೂಡು ಕಟ್ಟುವಾಗ ನೀವು ಅದನ್ನು ಅಲುಗಾಡಿಸುವುದಿಲ್ಲ. ಗಾಳಿ, ಬೆಳಕು, ಸದ್ದು ಎಲ್ಲವನ್ನೂ ನೋಡಿಕೊಂಡು ಕಾಯುತ್ತೀರಿ. ನೂಲುವ ಕೆಲಸ ಹುಳುವಿನದು. ಕಾಯುವ ಕೆಲಸ ನಿಮ್ಮದು. ಓದುವ ಮಕ್ಕಳಿಗೂ ದಂಪತಿಗಳು ಕೊಡಬೇಕಾದದ್ದು ಅಷ್ಟೇ: ಅಲುಗಾಡದ ಎರಡು ಗಂಟೆ, ಕಣ್ತುಂಬ ನಿದ್ರೆ ಮತ್ತು ಕಷ್ಟವನ್ನು ಹೇಳಿಕೊಳ್ಳಲು ಒಂದು ಕಿವಿ.